ಲುಸಾಕಾದ ಲೈಬ್ರರಿಯಮ್ಮನಿಗೆ

ಅರಕೆರೆ
19 ಅಕ್ಟೋಬರ್ 1997, ಭಾನುವಾರ

ಪ್ರೀತಿಯ ಪಾರ್ವತಿಗೆ,

ನಿನ್ನ ತಿಮ್ಮರಾಜು ಮೇಷ್ಟ್ರು ಬರೆಯುವ ಕಾಗದ. ನಾನು ಚೆನ್ನಾಗಿದ್ದೇನೆ. ಅಣ್ಣ ನಂಜಪ್ಪ, ದ್ಯಾವಮ್ಮ ಅತ್ತಿಗೆ, ಹಟ್ಟಿಯಲ್ಲಿರುವ ಎಮ್ಮೆಗಳು, ಎಲ್ಲರೂ ಚೆನ್ನಾಗಿದ್ದಾರೆ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಉತ್ತರ ಬರಲಿಲ್ಲವೆಂದು ಕೋಪ ಮಾಡಿಕೊಳ್ಳಬೇಡ. ಬರೆಯಲು ಕೂತಿದ್ದೆ. ಒಂದು ಸಲ ನಾಲೆಗೆ ನೀರು ಬಂತು ಅಂತ ಎದ್ದೆ. ಇನ್ನೊಂದು ಸಲ ಏನೂ ಬರಲಿಲ್ಲ, ಸುಮ್ಮನೆ ಎದ್ದೆ.

ನೀನು ಕೇಳಿದ್ದು ಒಂದೇ ಮಾತು. ಜಾಂಬಿಯಾದ ಹಳ್ಳಿಗಳಲ್ಲಿ ಲೈಬ್ರರಿ ನಡೆಸುವವರಿಗೆ ಕೆಲಸ ಕಲಿಸುವ ಹೊಸ ಶಾಲೆಗೆ ನಿನ್ನನ್ನೇ ಮುಖ್ಯಸ್ಥೆ ಮಾಡುತ್ತಾರಂತೆ. ಆದರೆ ಮೂರು ವರ್ಷ ಅಲ್ಲೇ ಇರಬೇಕಂತೆ, ಇಷ್ಟು ದಿನದ ಹಾಗೆ ವರ್ಷಕ್ಕೊಂದು ಸಲ ಊರಿಗೆ ಬರಲು ರಜೆ ಇಲ್ಲವಂತೆ. 'ನೀವು ಬಾ ಅಂದರೆ ಬಂದುಬಿಡುತ್ತೇನೆ, ಇರು ಅಂದರೆ ಸಹಿ ಹಾಕುತ್ತೇನೆ' ಎಂದು ಬರೆದಿದ್ದೀಯ. ಇಷ್ಟು ವರ್ಷ ಲೋಕವನ್ನೆಲ್ಲ ಸುತ್ತಿದವಳು ಕೊನೆಗೆ ಹೊರೆಯನ್ನು ನನ್ನ ತಲೆಯ ಮೇಲೆ ಇಟ್ಟೆಯಲ್ಲ!

ಊರಿನವರಿಗೂ ಇದೇ ಚಿಂತೆ. ಮೊನ್ನೆ ಟೀ ಅಂಗಡಿಯಲ್ಲಿ ಚಿಕ್ಕಸ್ವಾಮಿ ಶುರು ಮಾಡಿದ.

"ಏನ್ ಮೇಷ್ಟ್ರೇ, ಲೈಬ್ರರಿಯಮ್ಮ ಈ ವರ್ಸ ಬರ್ನೇ ಇಲ್ವಲ್ಲ? ಆಫ್ರಿಕಾದೋರು ಇಟ್ಕಂಬುಟ್ರಾ?"

"ಇಟ್ಕಳಾಕೆ ಅವಳೇನು ತಪ್ಪಲೆ ಪಾತ್ರೆಯೇನ್ಲಾ?"

"ಅಲ್ಲಾ, ನಿಮ್ಗೆ ಮುದ್ದೆ ತೊಳಸೋರು ಯಾರು ಅಂತ."

"ನಾನೇ ತೊಳಸ್ಕತೀನಿ ಕಣ್ಲಾ."

"ಅದ್ಕೇಯಾ ಇಂಗೆ ಸೊರಗೋಗಿರೋದು, ಬುಡಿ!"

ಅಂಗಡಿಯವರೆಲ್ಲ ನಕ್ಕರು. ನಾನೂ ನಕ್ಕೆ. ನಗದೆ ಇದ್ದರೆ ಇನ್ನೆರಡು ಮಾತು ಕೇಳಬೇಕಾಗುತ್ತಿತ್ತು.

ಪಾಂಡವಪುರದ ಬಸ್ಸಿನಲ್ಲಿ ಶಿವಣ್ಣ ಸಿಕ್ಕಿದ್ದ. ನೀನು ಮೊದಲು ಕೆಲಸಕ್ಕೆ ಸೇರಿದ ಹೆಂಚಿನ ಲೈಬ್ರರಿಯಲ್ಲಿ ಅಟೆಂಡರ್ ಆಗಿದ್ದನಲ್ಲ, ಅವನೇ. ಪಕ್ಕದಲ್ಲಿ ಕೂತಿದ್ದವರಿಗೆ ನನ್ನನ್ನು ತೋರಿಸಿ, "ಇವ್ರು ನಮ್ಮ ಪಾರ್ವತಮ್ಮೋರ ಯಜಮಾನ್ರು" ಎಂದವನೇ ನಿನ್ನ ಕಥೆ ಹೇಳಲು ಶುರುಮಾಡಿದ. ಆಗೆಲ್ಲ ಪುಸ್ತಕ ಬೀರುವಿನೊಳಗೆ, ಬೀರುವಿಗೆ ಬೀಗ. ನೀನು ಬಂದ ವಾರವೇ ಬೀಗಗಳನ್ನೆಲ್ಲ ತೆಗೆಸಿದೆಯಂತೆ. ತನಿಖೆಗೆ ಬಂದ ಸಾಹೇಬರು, "ಪುಸ್ತಕ ಕಳೆದುಹೋದರೆ ಯಾರಮ್ಮ ಜವಾಬ್ದಾರಿ?" ಎಂದು ಗದರಿದರೆ, "ಗೆದ್ದಲು ತಿಂದರೆ ಯಾರು ಸಾರ್ ಜವಾಬ್ದಾರಿ?" ಎಂದೆಯಂತೆ. ಇದನ್ನು ಹೇಳುವಾಗ ಶಿವಣ್ಣ ಸಾಹೇಬರ ದನಿ, ನಿನ್ನ ದನಿ ಎರಡನ್ನೂ ಮಾಡಿದ. ಬಸ್ಸಿನಲ್ಲಿ ನಿಂತವರೂ ಬಗ್ಗಿ ಕೇಳುತ್ತಿದ್ದರು.

ಆಮೇಲೆ ಕಬ್ಬಿನ ಗಾಡಿಯ ಕಥೆ. ಫ್ಯಾಕ್ಟರಿಗೆ ಕಬ್ಬು ಇಳಿಸಿದ ಗಾಡಿಗಳು ಬರಿದಾಗಿ ಊರಿಗೆ ವಾಪಸು ಬರುತ್ತವೆ, ಅದರಲ್ಲಿ ಪುಸ್ತಕದ ಪೆಟ್ಟಿಗೆ ಏಕೆ ಬರಬಾರದು ಎಂದು ನಿನಗೆ ಹೊಳೆದದ್ದು ಯಾವಾಗಲೋ! ಗಾಡಿಯವರು ಒಂದೊಂದು ಊರಿನ ಚಾವಡಿಯಲ್ಲಿ ಪೆಟ್ಟಿಗೆ ಇಳಿಸುವರು, ಮುಂದಿನ ಸಲ ಕಬ್ಬಿನ ಮೇಲೆ ಹಾಕಿಕೊಂಡು ಬಂದು ಬದಲಾಯಿಸುವರು. ಈಗ ಜಾಂಬಿಯಾದಲ್ಲಿ ಪೇಟೆಗೆ ಜೋಳ ಹೊತ್ತು ಬರುವ ಲಾರಿಗಳಲ್ಲಿ ಅದನ್ನೇ ಮಾಡಿಸುತ್ತಿದ್ದೀಯ ಎಂದು ನಾನು ಹೇಳಿದೆ. ಶಿವಣ್ಣ ತೊಡೆ ತಟ್ಟಿಕೊಂಡ. "ನೋಡುದ್ರಾ, ನಮ್ಮ ಗಾಡಿ ಬುದ್ಧಿ ಅಲ್ಲಿಗಂಟ ಓಯ್ತು!"

ಆ ಗಾಡಿಗಳನ್ನು ನೋಡಲೆಂದೇ ತಾನೇ ಆ ವಿದೇಶದ ಹೆಂಗಸು ಬಂದದ್ದು? ದೇಶದೇಶಗಳ ಲೈಬ್ರರಿಯವರೆಲ್ಲ ಕೂಡಿ ಕಟ್ಟಿದ ಸಂಘದವಳು, ಮೈಸೂರಿಗೆ ಸಭೆಗೆ ಬಂದಿದ್ದಳು. ನಮ್ಮ ಮನೆಯಲ್ಲೇ ಊಟ. ಮುದ್ದೆ ಬಾಯಿಗಿಟ್ಟು ಅಗಿಯುತ್ತಲೇ ಇದ್ದಳು. ದ್ಯಾವಮ್ಮ ಅತ್ತಿಗೆ ತಡೆಯಲಾರದೆ, "ಅಗೀಬ್ಯಾಡ ಕಣವ್ವೋ, ನುಂಗು! ಇಂಗೆ ಅಗುದ್ರೆ ನಾಳೀಕ್ಕೂ ಊಟ ಮುಗಿಯಾಕಿಲ್ಲ" ಎಂದು ತಾವೇ ಒಂದು ತುತ್ತು ನುಂಗಿ ತೋರಿಸಿದರು. ನೀನು ಆಗ ನಕ್ಕೆ.

ಆ ನಗು ನನಗೆ ಮರೆತಿಲ್ಲ. ನಮ್ಮ ಸಹನ ಏಳು ವರ್ಷಕ್ಕೆ ಜ್ವರದಲ್ಲಿ ಹೋದಮೇಲೆ ನೀನು ನಕ್ಕದ್ದು ಅದೇ ಮೊದಲು. ಅಲ್ಲಿಯವರೆಗೆ ಲೈಬ್ರರಿಗೆ ಹೋಗುತ್ತಿದ್ದೆ, ಬರುತ್ತಿದ್ದೆ, ಬಡಿಸುತ್ತಿದ್ದೆ. ಮನೆಯಲ್ಲಿ ಮಾತಿರಲಿಲ್ಲ. ಆ ಹೆಂಗಸಿನ ಜೊತೆ ಮಾತ್ರ ಸಂಜೆಯವರೆಗೆ ಗಾಡಿ, ಪೆಟ್ಟಿಗೆ, ಪುಸ್ತಕ ಎಂದು ಮಾತಾಡಿದೆ. ಹಾಗಾಗಿ ಇದೇ ಕೆಲಸ ಕಲಿಸಲು ನೇಪಾಳಕ್ಕೆ ಬಾ ಎಂದು ಆ ಸಂಘದವರು ಕರೆದಾಗ ನಾನು ಹೋಗು ಎಂದೆ. ಅಣ್ಣ ಜಗಲಿಯ ಮೇಲೆ ಕೂತು ಬೈದ: "ಲೇ ತಿಮ್ಮ, ಎಂಡ್ರುನ್ನ ದೇಸಾಂತ್ರ ಕಳ್ಸಿ ಒಬ್ನೇ ಏನ್ ಮಾಡೀಯ್ಲಾ?" ಮನೆಯಲ್ಲಿ ಮಾತಿಲ್ಲದೆ ಕೂತ ನಿನಗಿಂತ ದೂರದಿಂದ ಉದ್ದುದ್ದ ಕಾಗದ ಬರೆಯುವ ನೀನು ವಾಸಿ ಎನಿಸಿತ್ತು. ಅವನಿಗೆ ಅದನ್ನು ಹೇಗೆ ಹೇಳಲಿ?

ನೇಪಾಳ ಆಯಿತು, ಲಂಕೆ ಆಯಿತು, ಈಗ ಜಾಂಬಿಯಾ. ನಿನ್ನ ಕೈಕೆಳಗೆ ಕಲಿತವರು ಯಾವ ಯಾವ ಊರಿನಲ್ಲೋ ಬೀರುಗಳ ಬೀಗ ತೆಗೆಯುತ್ತಿದ್ದಾರೆ. ಭಾಷೆ ತಿಳಿಯದ ಊರಿನ ಮಕ್ಕಳು ಪೆಟ್ಟಿಗೆಯ ಸುತ್ತ ಮುಗಿಬೀಳುವುದನ್ನು ನೀನು ಬರೆದಾಗ, ಅದನ್ನು ಅತ್ತಿಗೆಗೆ ಓದಿ ಹೇಳುತ್ತೇನೆ. ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಓದು" ಅನ್ನುತ್ತಾರೆ.

ಇಂಥ ಕೆಲಸವನ್ನು ನನ್ನ ಮುದ್ದೆಗಾಗಿ ಬಿಟ್ಟು ಬಾ ಎಂದು ಹೇಗೆ ಬರೆಯಲಿ? ಸಹಿ ಹಾಕು ಪಾರ್ವತಿ. ಮೂರು ವರ್ಷ ಹೇಗೋ ಕಳೆಯುತ್ತದೆ. ಅಷ್ಟರಲ್ಲಿ ನನಗೂ ಗಂಟಿಲ್ಲದ ಮುದ್ದೆ ಮಾಡಲು ಬಂದಿರುತ್ತದೆ.

ಬಿಸಿಲಿನಲ್ಲಿ ತಿರುಗಬೇಡ. ಸೊಳ್ಳೆಪರದೆ ಇಲ್ಲದೆ ಮಲಗಬೇಡ. ನಮ್ಮ ದೇವರು ಅಷ್ಟು ದೂರದಲ್ಲೂ ನಿನ್ನನ್ನು ನೆರಳಿನಲ್ಲಿ ಇಟ್ಟಿರಲಿ, ನಿನ್ನ ಕೈ ಮುಟ್ಟಿದ ಕೆಲಸ ಹಸಿರಾಗಲಿ.

ನಿನ್ನ
ತಿಮ್ಮರಾಜು

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಈ ವರ್ಷ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಸಹನಳ ಎಲೆಯ ಮುಂದೆ ಹೊಸ ಬಟ್ಟೆ ಇಡುವುದು ನನ್ನ ಪಾಲಿಗೆ ಬಂತು. ಪ್ರತಿ ವರ್ಷ ನೀನೇ ರಜೆಯಲ್ಲಿ ಬಂದು ತರುತ್ತಿದ್ದೆ, ಈ ಸಲ ಆ ಹೊಸ ಶಾಲೆಯ ಓಡಾಟದಲ್ಲಿ ನಿನಗೆ ಬರಲಾಗಲಿಲ್ಲ. ಪೂಜೆಯಾದ ಮೇಲೆ ಅಣ್ಣನ ಮಗಳು ಪವಿತ್ರ ಅದನ್ನು ಉಡುತ್ತಿದ್ದಳು. ಈಗ ಅವಳು ಮದುವೆಯಾಗಿ ನಾಗಮಂಗಲ ಸೇರಿದ್ದಾಳೆ. ಶ್ರೀರಂಗಪಟ್ಟಣದ ಬಟ್ಟೆ ಅಂಗಡಿಯಲ್ಲಿ, "ಎಷ್ಟು ವರ್ಸದ ಮಗೀಗೆ ಸಾರ್?" ಎಂದು ಕೇಳಿದರು. ಏಳು ಎಂದೆ. ಹಳದಿ ಫ್ರಾಕು ಕೊಟ್ಟರು.

ಎಲೆಯ ಮುಂದೆ ಇಟ್ಟಾಗ ಅತ್ತಿಗೆ ನನ್ನ ಮುಖ ನೋಡಿದರು. "ಇದ್ಯಾಕಪ್ಪಾ ಇಷ್ಟು ಚಿಕ್ಕದು? ಪಾರ್ವತಿ ಮಗೀನ ವರ್ಸಾ ವರ್ಸಾ ಬೆಳುಸ್ಕಂಡು ಬಂದವ್ಳಲ್ಲ. ಓದ್ವರ್ಸ ಚೂಡಿದಾರ ತಂದಿದ್ಲು. ಈ ವರ್ಸ ಸೀರೆ ತತ್ತೀನಿ ಅಂದಿದ್ಲು."

ನೀನು ಪವಿತ್ರಳ ಅಳತೆಗೆ ತರುತ್ತೀಯ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. "ಎಲ್ಲಿ ಬುಡು, ಪವಿತ್ರಂಗೆ ಒಂದೂ ಸರಿಯಾಯ್ತಿರ್ಲಿಲ್ಲ" ಎಂದರು ಅತ್ತಿಗೆ. "ಮೈಗೆ ಬಿಗಿ, ಉದ್ದ ಜಾಸ್ತಿ. ನಮ್ಮ ಸಹನ ಅವರಪ್ಪನಂಗೆ ಸಣ್ಣಕೆ ಉದ್ದುಕೆ ಆಯ್ತಿದ್ಲು ಅನ್ನೋಳು."

ಆ ಫ್ರಾಕನ್ನು ಯಾರಿಗೂ ಕೊಟ್ಟಿಲ್ಲ. ನನ್ನ ಮಗಳು ಇನ್ನೂ ಏಳರಲ್ಲೇ ನಿಂತಿದ್ದಾಳೆ, ನಿನ್ನ ಮಗಳಿಗೆ ಇಪ್ಪತ್ತು ತುಂಬಿದೆ. ಅವಳನ್ನು ನಾನು ನೋಡಿಯೇ ಇಲ್ಲ. ಸಹಿ ಹಾಕುವ ಮೊದಲು ಅಲ್ಲಿಯವರನ್ನು ಕೇಳು. ಪಕ್ಷದ ಹೊತ್ತಿಗೆ ಊರಿಗೆ ಕಳಿಸುವುದಾದರೆ ಇರು. ಆಗದು ಎಂದರೆ ಬಂದುಬಿಡು. ಸೀರೆ ನಾನೇ ತರಬಲ್ಲೆ, ಆದರೆ ಅವಳಿಗೆ ಯಾವ ಬಣ್ಣ ಇಷ್ಟ ಎಂದು ನನಗೆ ಗೊತ್ತಿಲ್ಲ ಪಾರ್ವತಿ.