ಅರ್ಥ ಹೇಳಬಾರದ ಪಾಠ

ಹುಣಸೂರು
೨೩ ಜುಲೈ ೨೦೦೩

ಪ್ರೀತಿಯ ಸುಧಾ,

ಭೇರ್ಯದಲ್ಲಿ ನೀನೂ ನಿನ್ನ ಶಾಲೆಯ ಮಕ್ಕಳೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಇಷ್ಟು ದಿನ ಬರೆಯದಿದ್ದಕ್ಕೆ ಬೈದುಕೋ, ಆದರೆ ಇದನ್ನು ಕೊನೆಯವರೆಗೂ ಓದು.

ಬಸ್ ಸ್ಟ್ಯಾಂಡಿನ ಹಿಂದಿನ ಮಹಡಿಯಲ್ಲಿ ಸ್ಪೋಕನ್ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿದೆ ಎಂದು ಯುಗಾದಿಯಲ್ಲಿ ಹೇಳಿದ್ದೆನಲ್ಲ. ನಡೆಸುವವನು ಧರ್ಮೇಂದ್ರ ಅಂತ. ಗರಿಗರಿ ಇಸ್ತ್ರಿಯ ಅಂಗಿ, ಬಹಳ ಮರ್ಯಾದೆಯ ಮಾತು. ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಗಿರಿಜನರ ಹಾಡಿಗಳಿಂದ ಹುಡುಗಿಯರನ್ನು ಜೀಪಿನಲ್ಲಿ ಕರೆತಂದು, ಮಹಡಿಯಲ್ಲೇ ಇರಿಸಿಕೊಂಡು ಊಟ ಹಾಕುತ್ತಿದ್ದ. ಇಂಗ್ಲಿಷ್ ಕಲಿತರೆ ಹೊರದೇಶದಲ್ಲಿ ಮನೆಗೆಲಸ ಕೊಡಿಸುತ್ತಾನಂತೆ.

ನಾನು ನನ್ನ ರೀತಿಯಲ್ಲೇ ಶುರು ಮಾಡಿದೆ. ಲೋಟ, ಕಿಟಕಿ, ಚಪ್ಪಲಿ ತೋರಿಸಿ ಒಬ್ಬಳು ಪ್ರಶ್ನೆ ಕೇಳಬೇಕು, ಇನ್ನೊಬ್ಬಳು ಉತ್ತರ ಕೊಡಬೇಕು. ತಿಳಿಯದಿದ್ದರೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೆ. ಪುಟ್ಟಸಿದ್ದಮ್ಮ ಎಂಬ ಹುಡುಗಿ ಎಲ್ಲರಿಗಿಂತ ಚುರುಕು. ಹದಿನಾರರ ವಯಸ್ಸು. ‘ವೈ’ ಎಂಬ ಪದ ಕಲಿತ ದಿನ ಕಂಡದ್ದಕ್ಕೆಲ್ಲ ವೈ, ವೈ ಅಂದು ನಮ್ಮನ್ನೆಲ್ಲ ನಗಿಸಿದಳು.

ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದ ಧರ್ಮೇಂದ್ರ ಮಾತ್ರ ನಗಲಿಲ್ಲ. ಪಾಠ ಮುಗಿದ ಮೇಲೆ, “ಪ್ರಶ್ನೆ ಕೇಳೋದು ಕಲಿಸ್ಬೇಡಿ ಮೇಡಂ, ಉತ್ತರ ಸಾಕು. ಕನ್ನಡ ಒಂದಕ್ಷರನೂ ಬೇಡ. ಮಗು ಅರ್ಥ ಕೇಳ್ಕೊಂಡು ಮಾತು ಕಲೀತದಾ?” ಅಂದ. ಬಿ.ಎಡ್.ನಲ್ಲಿ ನಾವು ಓದಿದ ನೇರ ಪದ್ಧತಿಯೂ ಅದೇ ತಾನೆ ಎಂದು ಒಪ್ಪಿಕೊಂಡೆ.

ಆಮೇಲೆ ಉತ್ತರಗಳನ್ನು ಅವನೇ ಹೇಳಿಕೊಡತೊಡಗಿದ. ‘ಐ ಆಮ್ ಟ್ವೆಂಟಿಫೈವ್.’ ‘ಮೇಡಂ ಕೀಪ್ಸ್ ಮೈ ಪಾಸ್‌ಪೋರ್ಟ್.’ ‘ನೋಬಡಿ ಬೀಟ್ಸ್ ಮಿ.’ ಹುಡುಗಿಯರು ಮಗ್ಗಿಯ ಹಾಗೆ ರಾಗವಾಗಿ ಒಪ್ಪಿಸುತ್ತಿದ್ದರು. ತಪ್ಪಿಲ್ಲದೆ ಹೇಳಿದೆನೆಂದು ಪುಟ್ಟಸಿದ್ದಮ್ಮನ ಮುಖದಲ್ಲಿ ಹೆಮ್ಮೆ. ಯಾರೂ ನನ್ನನ್ನು ಹೊಡೆಯುವುದಿಲ್ಲ ಎಂಬ ಮಾತನ್ನು ಇಲ್ಲಿಂದಲೇ ಯಾಕೆ ಕಲಿತು ಹೋಗಬೇಕು, ಸುಧಾ?

ಅವನನ್ನೇ ಕೇಳಿದೆ. “ಅರ್ಥ ಗೊತ್ತಾದ್ರೆ ಹೆದ್ರುಕೋತವೆ ಕಣ್ರೀ,” ಅಂದು ನಕ್ಕ. ನಮ್ಮಮ್ಮನ ಮಂಡಿನೋವು ಹೇಗಿದೆ ಎಂದೂ ವಿಚಾರಿಸಿದ. ಅಮ್ಮನ ವಿಷಯ ನಾನು ಅವನ ಮುಂದೆ ಆಡಿಯೇ ಇರಲಿಲ್ಲ.

ಹೋದ ವಾರ ಅವನು ಮೈಸೂರಿಗೆ ಹೋಗಿದ್ದ. ಜೀಪಿನ ಡ್ರೈವರ್ ಕೆಳಗೆ ಕಾವಲಿದ್ದ. ನಾನು ಬಾಗಿಲು ಹಾಕಿ ಒಂದೊಂದು ವಾಕ್ಯಕ್ಕೂ ಕನ್ನಡದಲ್ಲಿ ಅರ್ಥ ಹೇಳಿದೆ. ಕೊನೆಗೆ ಪುಟ್ಟಸಿದ್ದಮ್ಮ, “ನನ್ನ ಮನೆಗೆ ಕಳಿಸ್ಬುಡಿ ಅನ್ನಾಕೆ ಏನಂತಾರೆ ಮೇಡಂ?” ಎಂದು ಕೇಳಿದಳು. ‘ಸೆಂಡ್ ಮಿ ಹೋಮ್.’ ಆವತ್ತು ಅದೊಂದೇ ಪಾಠ.

ಎರಡು ದಿನ ಬಿಟ್ಟು ಹುಡುಗಿಯರನ್ನು ಪರೀಕ್ಷಿಸಲು ಹೊರದೇಶಕ್ಕೆ ಕಳಿಸುವ ಏಜೆನ್ಸಿಯ ಹೆಂಗಸೊಬ್ಬರು ಬಂದರು. ವಯಸ್ಸೆಷ್ಟು ಎಂದು ಇಂಗ್ಲಿಷಿನಲ್ಲಿ ಕೇಳಿದ್ದೇ ತಡ, ಪುಟ್ಟಸಿದ್ದಮ್ಮ ಎದ್ದು, “ಸಿಕ್ಸ್‌ಟೀನ್. ಸೆಂಡ್ ಮಿ ಹೋಮ್” ಅಂದಳು. ಉಳಿದವರೂ ಒಬ್ಬೊಬ್ಬರಾಗಿ ಎದ್ದು ಅದನ್ನೇ ಹೇಳಿದರು. ಆ ಹೆಂಗಸು ಬ್ಯಾಗ್ ಎತ್ತಿಕೊಂಡು ದಡದಡ ಇಳಿದುಹೋದರು. ಸಮಾಧಾನ ಹೇಳಲು ಧರ್ಮೇಂದ್ರನೂ ಡ್ರೈವರೂ ಅವರ ಕಾರಿನ ಹಿಂದೆ ಓಡಿದರು. ಆ ಗಡಿಬಿಡಿಯಲ್ಲಿ ನಾನು ಹುಡುಗಿಯರನ್ನೆಲ್ಲ ಕೋಟೆ ಬಸ್ಸು ಹತ್ತಿಸಿಬಿಟ್ಟೆ.

ಗೆದ್ದೆ ಅಂದುಕೊಂಡೆ. ಮಾರನೆಯ ದಿನವೇ ಪುಟ್ಟಸಿದ್ದಮ್ಮನ ತಾಯಿ ಕುಳ್ಳಿ ನಮ್ಮ ಮನೆ ಹುಡುಕಿಕೊಂಡು ಬಂದರು. ಜೀಪು ಹಾಡಿಗೆ ಬಂದಿತ್ತಂತೆ. “ಮೊದ್ಲು ಎದ್ದು ನಿಂತೋಳು ಯಾವಳು, ಅವಳೊಬ್ಬಳು ಸಾಕು ಅಂತವ್ರೆ ಕಣವ್ವ,” ಅಂದರು.

ನಾಳೆ ಕುಳ್ಳಿಯವರನ್ನು ಕರೆದುಕೊಂಡು ಮೈಸೂರಿಗೆ ಹೋಗಿ ದೊಡ್ಡ ಅಧಿಕಾರಿಗಳಿಗೇ ದೂರು ಕೊಡುತ್ತೇನೆ. ಪುಟ್ಟಸಿದ್ದಮ್ಮ ಎಲ್ಲಿದ್ದಾಳೆಂದು ಕೇಳಿದವರಿಗೆಲ್ಲ, ಯಾರೋ ನೆಂಟರ ಮನೆಗೆ ಹೋದಳಂತೆ, ನನಗೂ ಗೊತ್ತಿಲ್ಲ ಅನ್ನುತ್ತಿದ್ದೇನೆ. ಧರ್ಮೇಂದ್ರ ಜಗಳಕ್ಕೇನೂ ಬಂದಿಲ್ಲ. ನಮ್ಮ ಮನೆಯೆದುರಿನ ಅಂಗಡಿಯಲ್ಲಿ ಟೀ ಕುಡಿಯುತ್ತ ಕೂತಿರುತ್ತಾನೆ. ಕಣ್ಣಿಗೆ ಬಿದ್ದರೆ ಎದ್ದು ಕೈಮುಗಿಯುತ್ತಾನೆ.

ಅಮ್ಮ ನಿನ್ನನ್ನು ಕೇಳಿದಳು ಕಣೇ.

ನಿನ್ನ,
ಶ್ಯಾಮಲಾ

ಮತ್ತೆ: ಈ ಪತ್ರ ತಂದು ನಿನ್ನ ಮುಂದೆ ನಿಂತಿರುವವಳೇ ಪುಟ್ಟಸಿದ್ದಮ್ಮ. ತಾಯಿಯ ಜೊತೆಗೇ ಬಂದು ನಮ್ಮ ಮನೆಯಲ್ಲಿ ಅಡಗಿದ್ದಳು, ಒಳಗೆ ಕರೆದುಕೋ. ಉತ್ತರ ಮಾತ್ರ ಬರೆಯಬೇಡ. ಮೊನ್ನೆಯಿಂದ ನನ್ನ ಟಪಾಲನ್ನು ಧರ್ಮೇಂದ್ರನೇ ಮನೆಗೆ ತಂದುಕೊಡುತ್ತಿದ್ದಾನೆ.