ಯಾರೂ ಹರಿಯದ ಚೀಟಿಗಳು

ಬಿಷ್ಕೆಕ್, ಮಾರ್ಚ್ ೧೪, ಗುರುವಾರ.

ವಯಸ್ಸಾದವರನ್ನು ನೋಡಿಕೊಳ್ಳಲು ಮನೆಗೇ ಹೆಂಗಸರನ್ನು ಕಳಿಸುತ್ತೇವೆಂಬ ನನ್ನ ಕರಪತ್ರವನ್ನು ಹನ್ನೊಂದು ಕಟ್ಟಡಗಳ ಬಾಗಿಲಿಗೆ ಅಂಟಿಸಿ ವಾರವಾಯಿತು. ಕೆಳಗೆ ಸಾಲಾಗಿ ಕತ್ತರಿಸಿಟ್ಟ ಫೋನ್ ನಂಬರಿನ ಚೀಟಿಗಳಲ್ಲಿ ಒಂದನ್ನೂ ಯಾರೂ ಹರಿದುಕೊಂಡಿಲ್ಲ. ಅಕ್ಷರ ಚಿಕ್ಕದಾಯಿತೇ? ನೀಲಿ ಬಣ್ಣ ಆಸ್ಪತ್ರೆಯನ್ನು ನೆನಪಿಸಿತೇ? ದಿನವಿಡೀ ಇದೇ ತಲೆಬಿಸಿ.

ಪಕ್ಕದ ಮನೆಯ ಬುರುಲ್ಚಾ ಅಕ್ಕ ನಕ್ಕುಬಿಟ್ಟಳು. "ಬಣ್ಣದ ಮಾತು ಬಿಡೇ ಜಿಪರ್! ಎಲ್ಲರೆದುರು ಚೀಟಿ ಹರಿದ್ರೆ, 'ಅತ್ತೆನ ಕೂಲಿಯವರ ಕೈಗೆ ಬಿಟ್ಲು' ಅಂತ ಸಂಜೆಯೊಳಗೆ ಬಿಲ್ಡಿಂಗ್ ಪೂರ್ತಿ ಸುದ್ದಿ. ಬೇಕಾದೋರು ಇಡೀ ಹಾಳೆನೇ ಕಿತ್ಕೊಂಡು ಹೋಗ್ತಾರೆ."

ಹೌದಲ್ಲ! ನಮ್ಮದೇ ಕಟ್ಟಡದ ಬಾಗಿಲಿನ ಹಾಳೆ ಕಾಣೆಯಾಗಿತ್ತು, ಗಾಳಿಗೆ ಹಾರಿತೆಂದುಕೊಂಡಿದ್ದೆ. ಇನ್ನು ಚೀಟಿ ಬೇಡ. ಅಂಗೈಯಲ್ಲಿ ಮುಚ್ಚಿಕೊಳ್ಳುವಂಥ ಪುಟ್ಟ ಕಾರ್ಡು ಮಾಡಿಸಿ ಔಷಧಿ ಅಂಗಡಿಯಲ್ಲಿಡಬೇಕು. ಖುಷಿಯಲ್ಲೇ ಮನೆಗೆ ಬಂದೆ.

ಅತ್ತೆಯ ಹಾಸಿಗೆ ಬಿಡಿಸುವಾಗ ಆ ಹಾಳೆ ಉದುರಿತು. ನನ್ನ ನಂಬರಿನ ಕೆಳಗೆ ಪೆನ್ಸಿಲಿನ ಗೆರೆ.

"ಇದ್ಯಾಕತ್ತೆ ನಿಮಗೆ?"

"ಮನೇಲಿ ಕರೆದ್ರೆ ನಿಂಗೆ ಪುರುಸೊತ್ತಿರಲ್ವಲ್ಲಮ್ಮಾ. ಈ ನಂಬರಿಗೆ ಫೋನ್ ಮಾಡಿದ್ರೆ ತಕ್ಷಣ ಎತ್ತುತ್ತೀಯ."

ಆಗಿನಿಂದ ಕಾರ್ಡಿಗೊಂದು ಸಾಲು ಹುಡುಕುತ್ತ ಕೂತಿದ್ದೇನೆ. 'ಒಮ್ಮೆ ಕರೆಯಿರಿ, ಬರುತ್ತೇವೆ' ಎಂದು ಬರೆದೆ. ಹೊಡೆದುಹಾಕಿದೆ.