ಬಿಳೇಮರಡಿಯ ಒಂಬತ್ತು ಮನೆಗಳು

ನಾಲ್ಕಂಕಣದ ಮನೆ, ಬಿಳೇಮರಡಿ ರಸ್ತೆ
30 ಫೆಬ್ರವರಿ 2214

ಇಪ್ಪತ್ತೊಂದನೇ ಶತಮಾನದಲ್ಲಿ ಪ್ರಬಂಧ ಬರೆಯುತ್ತ ಕುಳಿತಿರುವವರೇ,

ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆಂದು ಈ ಕಾಗದವನ್ನು ಬಿಸಾಡಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಫೆಬ್ರವರಿಗೂ ಪಾಪ, ಕೊನೆಗೊಮ್ಮೆ ನ್ಯಾಯ ಸಿಕ್ಕಿತು. ನನ್ನ ಕನ್ನಡ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕಂಡೀತು. ಅದಕ್ಕೆ ಕ್ಷಮೆ ಇರಲಿ. ನಿಮ್ಮ ಕಾಲದ ಪ್ರಬಂಧಗಳನ್ನೇ ಓದಿ ಓದಿ ನಿಮ್ಮಂತೆ ಬರೆಯುವುದನ್ನು ಕಲಿತಿದ್ದೇನೆ. ಆದರೂ ನಮ್ಮ ಪದಗಳು ನಡುವೆ ನುಸುಳುತ್ತವೆ, ಅವುಗಳ ಅರ್ಥವನ್ನು ಅಲ್ಲಲ್ಲೇ ಹೇಳುತ್ತ ಹೋಗುತ್ತೇನೆ.

ಈ ಕಾಗದ ನಿಮ್ಮನ್ನು ತಲುಪುತ್ತದೆಯೇ ಎಂಬುದು ನನಗೆ ತಿಳಿಯದು. ನಮ್ಮ ವಿಜ್ಞಾನದವರು ಹಿಂದಂಚೆ ಎಂಬ ಒಂದು ಪೆಟ್ಟಿಗೆ ಮಾಡಿದ್ದಾರೆ. ಅದರಲ್ಲಿಟ್ಟ ಕಾಗದ ಮಾಯವಾಗುತ್ತದೆ ಎಂಬುದಕ್ಕೆ ಅವರು ಆಣೆ ಮಾಡುತ್ತಾರೆ. ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಮಾತು ಬದಲಿಸುತ್ತಾರೆ. ಕೆಲಸದಿಂದ ನಿವೃತ್ತರಾಗುವ ಪ್ರತಿಯೊಬ್ಬರಿಗೂ ಒಂದು ಕಾಗದ ಕಳಿಸುವ ಹಕ್ಕಿದೆ. ಬಹಳ ಮಂದಿ ತಮ್ಮ ಮುತ್ತಜ್ಜನಿಗೆ ಬರೆದು, ಆ ಬಾವಿ ಪಕ್ಕದ ಹೊಲ ಮಾರಬೇಡ ಎನ್ನುತ್ತಾರೆ. ನನಗೀಗ ಅರವತ್ತೊಂದು ವರ್ಷ, ಬರುವ ತಿಂಗಳು ನಿವೃತ್ತಿ. ಹೊಲದ ಮಾತು ನನಗಿಲ್ಲ. ನಾಚಿಕೆಯ ಮಾತೊಂದಿದೆ.

ಮೊದಲು ನಾನಿರುವ ಜಾಗ ಹೇಳುತ್ತೇನೆ. ಆರೋಗ್ಯ, ವಿಜ್ಞಾನ, ಕೈಗಾರಿಕೆ, ಗ್ರಾಮಾಭಿವೃದ್ಧಿ ಎಂದು ನಿಮ್ಮಲ್ಲಿ ನಾಲ್ಕು ವಿಭಾಗ, ನಾಲ್ಕು ಕಟ್ಟಡ, ನಾಲ್ಕು ಬೀಗದ ಕೈ ಇದ್ದವೆಂದು ಓದಿದ್ದೇನೆ. ನಮ್ಮಲ್ಲಿ ನಾಲ್ಕಕ್ಕೂ ಒಂದೇ ಸೂರು. ನಡುವೆ ಕಂಬಗಳಿವೆ, ಗೋಡೆಗಳಿಲ್ಲ. ಹಳೆಯ ಮನೆಗಳಲ್ಲಿ ಕಂಬದಿಂದ ಕಂಬಕ್ಕೆ ಅಂಕಣ ಎನ್ನುತ್ತಿದ್ದರಲ್ಲ, ಹಾಗೆ ಇದು ನಾಲ್ಕಂಕಣದ ಮನೆ. ರಕ್ತ ಪರೀಕ್ಷಿಸುವವರ ಪಕ್ಕದಲ್ಲೇ ಮಣ್ಣು ಕಲಸುವವರು, ಅವರಾಚೆ ಯಂತ್ರದವರು, ಅವರಾಚೆ ಊರೂರು ತಿರುಗಿ ಬಂದು ಕಾಲು ಚಾಚಿ ಕೂತವರು. ಒಂದು ಅಂಕಣದವರು ಕೆಮ್ಮಿದರೆ ಇನ್ನೊಂದು ಅಂಕಣದವರು ಕಾರಣ ಹೇಳುತ್ತಾರೆ. ಬಿಸಿಲು ಐವತ್ತು ಡಿಗ್ರಿ ದಾಟುವುದರಿಂದ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ದುಡಿಯುವುದು ಕಾನೂನಿನಲ್ಲಿ ಅಪರಾಧ. ಆಗ ಎಲ್ಲರೂ ಸಜ್ಜೆ ರೊಟ್ಟಿ, ಪುಂಡಿಪಲ್ಯ ತಿಂದು ನೆಲಮಾಳಿಗೆಯಲ್ಲಿ ಮಲಗುತ್ತೇವೆ. ದೊಡ್ಡ ದೊಡ್ಡ ವಿದ್ವಾಂಸರ ಗೊರಕೆಯನ್ನು ನಾನು ಮೂವತ್ತೈದು ವರ್ಷ ಕೇಳಿದ್ದೇನೆ. ಯಾವ ವಿಷಯದಲ್ಲಿ ಒಮ್ಮತ ಬರದಿದ್ದರೂ ಆ ವಿಷಯದಲ್ಲಿ ಬರುತ್ತಿತ್ತು.

ಈ ಮನೆ ಹೀಗಾಗಿದ್ದಕ್ಕೆ ನಿಮ್ಮ ಕಾಲವೇ ಕಾರಣ. ನಿಮ್ಮವರು ಹಳ್ಳಿಗೆ ಬಂದರು, ಪ್ರಶ್ನೆ ಕೇಳಿದರು, ಬರೆದುಕೊಂಡು ಹೋದರು. ಬರೆದದ್ದೇನು ಎಂದು ಹೇಳಲು ಯಾರೂ ಮರಳಿ ಬರಲಿಲ್ಲ. ನಿಮ್ಮ ಮೊಮ್ಮಕ್ಕಳೂ ಹಾಗೆಯೇ ಮಾಡಿದರು. ಕೊನೆಗೆ ಒಂದು ಸುಗ್ಗಿಯಲ್ಲಿ ನಮ್ಮ ಸೀಮೆಯ ಹಳ್ಳಿಗಳೆಲ್ಲ ಸೇರಿ, ಇನ್ನು ಮುಂದೆ ಯಾವ ಪ್ರಶ್ನೆಗೂ ಉತ್ತರ ಕೊಡುವುದಿಲ್ಲ ಎಂದುಬಿಟ್ಟವು. ಅದನ್ನು ನಾವು ಬಾಯಿಬೀಗ ಎನ್ನುತ್ತೇವೆ. ಹನ್ನೊಂದು ವರ್ಷ ನಡೆಯಿತು. ವಯಸ್ಸೆಷ್ಟು ಎಂದರೂ ಉತ್ತರವಿಲ್ಲ, ನೀರು ಕುಡಿದಿರಾ ಎಂದರೂ ಇಲ್ಲ. ಸಂಶೋಧಕರು ಒಬ್ಬರನ್ನೊಬ್ಬರು ಪ್ರಶ್ನಿಸಿಕೊಂಡು ಪ್ರಬಂಧ ಬರೆದರು. ಅವನ್ನು ಓದಿದವರಿಗೆ ನನ್ನ ಸಂತಾಪ. ಆಮೇಲೆ ಒಪ್ಪಂದವಾಯಿತು. ಯಾವ ಊರಿನಿಂದ ಅಂಕಿಸಂಖ್ಯೆ ತಂದೆವೋ ಆ ಊರಿನ ಕಟ್ಟೆಯ ಮೇಲೆ ನಿಂತು, ಅಚ್ಚಾಗುವ ಮೊದಲು ಪೂರ್ತಿ ಓದಬೇಕು, ಪ್ರತಿ ಮನೆಯ ಹೆಸರು ಹೇಳಿ, ಆ ಮನೆಯಲ್ಲಿ ಕಂಡದ್ದನ್ನೂ ಹೇಳಬೇಕು. ಕೇಳಿದವರು ಹೌದೆಂದ ಮೇಲಷ್ಟೇ ಅದು ಸಂಶೋಧನೆ. ಇದಕ್ಕೆ ಕಟ್ಟೆಯೋದು ಎಂದು ಹೆಸರು. ನಮ್ಮ ಹೆಮ್ಮೆಯೆಲ್ಲ ಅದರಲ್ಲೇ ಇದೆ, ಮತ್ತು ನಾನು ಮಣ್ಣುಪಾಲು ಮಾಡಿದ್ದೂ ಅದನ್ನೇ.

ನನ್ನ ಜೀವಮಾನದ ಕೆಲಸ ಸೋಸುಗುಂಡು. ನಮ್ಮ ಕೆಂಪು ಮಣ್ಣಿಗೆ ಶೇಂಗಾ ಸಿಪ್ಪೆಯ ಇದ್ದಿಲು ಬೆರೆಸಿ ಸುಟ್ಟ, ಮುಷ್ಟಿಗಾತ್ರದ ಒಂದು ಗುಂಡು. ನೀರಿನ ಹರವಿಯಲ್ಲಿ, ಅಂದರೆ ಮಣ್ಣಿನ ಕೊಡದಲ್ಲಿ, ಅದನ್ನು ಹಾಕಿಟ್ಟರೆ ನೀರಿನ ಫ್ಲೋರೈಡನ್ನು ಅದು ಹೀರಿಕೊಳ್ಳುತ್ತದೆ. ಈ ಸೀಮೆಯಲ್ಲಿ ಕೊಳವೆಬಾವಿಯ ನೀರು ಕುಡಿದು ಹಲ್ಲು ಕಂದಾದವರು, ಮೊಣಕಾಲು ಮಡಿಸಲಾರದವರು ನಿಮ್ಮ ಕಾಲದಲ್ಲೂ ಇದ್ದರು. ಅವರ ಮೇಲೆ ನೀವು ಬರೆದ ಪ್ರಬಂಧಗಳು ನಮ್ಮಲ್ಲಿ ಒಂದು ಕೋಣೆ ತುಂಬ ಇವೆ. ಗುಂಡಿಗೆ ನಾಲ್ಕೂ ಅಂಕಣ ದುಡಿದವು. ಬಿಳೇಮರಡಿಯಲ್ಲಿ ಇನ್ನೂರ ಹನ್ನೆರಡು ಮನೆಗಳಿಗೆ ಅದನ್ನು ಕೊಟ್ಟು, ಮಕ್ಕಳಿಗೆಂದು ಫ್ಲೋರೈಡಿಲ್ಲದ ದೂರದ ಸಿಹಿಬಾವಿಯಿಂದ ನೀರು ತರುವುದನ್ನು ಬಿಟ್ಟು ಹರವಿಯ ನೀರನ್ನೇ ಕುಡಿಯಿರಿ ಎಂದು ಹೇಳಿ, ಒಂದು ವರ್ಷ ಕಾದೆವು. ಇನ್ನೂರ ಮೂರು ಮನೆಗಳಲ್ಲಿ ಗುಂಡು ಗೆದ್ದಿತು. ಒಂಬತ್ತು ಮನೆಗಳಲ್ಲಿ ಏನೂ ಆಗಲಿಲ್ಲ. ಆ ಮನೆಯವರ ಮೂತ್ರ ಪರೀಕ್ಷೆಯಲ್ಲಿ ಫ್ಲೋರೈಡ್ ಮೊದಲಿನಷ್ಟೇ ಇತ್ತು.

ಒಂಬತ್ತೂ ಸುಣ್ಣಗಾರರ ಮನೆಗಳು. ಊರಿನ ಪಡುವಣ ತುದಿಯಲ್ಲಿ ಭಟ್ಟಿ ಇಟ್ಟುಕೊಂಡು ಸುಣ್ಣ ಸುಡುವವರು. ಅಲ್ಲಿಗೆ ಹೋಗಿ, ಯಾಕೆ ಹೀಗಾಯಿತು ಎಂದು ಕೇಳಲು ಅರ್ಧ ತಾಸು ಸಾಕಿತ್ತು. ನಾನು ಹೋಗಲಿಲ್ಲ. ಅವರು ಸರಿಯಾಗಿ ಬಳಸಿಲ್ಲ ಎಂದು ಕೂತಲ್ಲೇ ತೀರ್ಮಾನಿಸಿದೆ. ನೂರಕ್ಕೆ ಐದು ಮನೆಯನ್ನು ಅಪವಾದವೆಂದು ಕೈಬಿಡಬಹುದು ಎಂಬ ನಿಯಮ ನಮ್ಮಲ್ಲಿದೆ. ಅದು ನಿಮ್ಮ ಪುಸ್ತಕಗಳಿಂದಲೇ ಇಳಿದು ಬಂದದ್ದು, ಅದರಲ್ಲಿ ಅರ್ಥವೂ ಇದೆ, ನಿಮ್ಮನ್ನು ದೂರುತ್ತಿಲ್ಲ. ನನ್ನ ಒಂಬತ್ತು ಮನೆ ನೂರಕ್ಕೆ ಐದರೊಳಗೇ ಇತ್ತು. ನಾನು ಯಾವ ನಿಯಮವನ್ನೂ ಮುರಿಯಲಿಲ್ಲ. ಈ ವಾಕ್ಯವನ್ನು ನನಗೆ ನಾನೇ ಎಷ್ಟು ಸಾರಿ ಹೇಳಿಕೊಂಡಿದ್ದೇನೆಂದರೆ, ಈಗ ಅದನ್ನು ಬರೆಯುವಾಗ ಬಾಯಿ ಕಹಿಯಾಗುತ್ತದೆ.

ಕಟ್ಟೆಯೋದಿನಲ್ಲಿ ಮಾತ್ರ ಬಿಟ್ಟ ಮನೆಯ ಹೆಸರನ್ನೂ, ಬಿಟ್ಟ ಕಾರಣವನ್ನೂ ಓದಲೇಬೇಕು. ಕಾರಣ ನನ್ನಲ್ಲಿರಲಿಲ್ಲ. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಸುಣ್ಣದ ಭಟ್ಟಿಗೆ ಬೆಂಕಿ ಹಾಕಿದರೆ ಮೂರು ದಿನ ಯಾರೂ ಅದರ ಮುಂದಿನಿಂದ ಏಳುವಂತಿಲ್ಲ, ಗಂಡಸು ಹೆಂಗಸು ಎಲ್ಲರೂ ಅಲ್ಲೇ. ನಾನು ಓದಿನ ದಿನವನ್ನು ಗೊತ್ತು ಮಾಡಿದ್ದು ಭಟ್ಟಿ ಹೊತ್ತಿಸಿದ ಎರಡನೇ ದಿನಕ್ಕೆ. ಅವರ ಕೆಲಸಕ್ಕೆ ಅಡ್ಡಿ ಮಾಡಬಾರದೆಂದು ಹಾಗೆ ಮಾಡಿದೆನೆಂದು ಜೊತೆಯವರಿಗೆ ಹೇಳಿದೆ. ಅವರು ನನ್ನನ್ನು ಮೆಚ್ಚಿಕೊಂಡರು.

ಅಂದು ಸಂಜೆ ಕಟ್ಟೆಯ ಸುತ್ತ ಊರೆಲ್ಲ ಸೇರಿತ್ತು. ಇನ್ನೂರ ಮೂರು ಹೆಸರು ಓದಿದೆ. ಪ್ರತಿ ಹೆಸರಿಗೂ ಆ ಮನೆಯವರು ಹೌದು ಎಂದರು, ಕೆಲವರು ಚಪ್ಪಾಳೆ ಹೊಡೆದರು. ಕೊನೆಯ ಹಾಳೆ ಮಡಿಸುವಾಗ, ಹಿಂದೆ ಗೋಡೆಗೆ ಆತು ಕೂತಿದ್ದ ಒಬ್ಬ ಅಜ್ಜಿ ಕೈಯೆತ್ತಿದಳು. ಹುಲಿಗೆವ್ವ ಅಂತ, ಸುಣ್ಣಗಾರರ ಮನೆಯ ಹಿರಿಯಳು. ಮೊಣಕಾಲು ಮಡಿಸಲಾಗದೆ ಭಟ್ಟಿಗೆ ಹೋಗುವುದನ್ನು ಆಕೆ ಎಂದೋ ಬಿಟ್ಟಿದ್ದಳಂತೆ. ಅದು ನನಗೆ ಗೊತ್ತಿರಲಿಲ್ಲ.

"ಎಲ್ಲಾರ ಮನಿ ಹೆಸ್ರು ಬಂದ್ವು ತಂಗಿ. ನಮ್ಮನಿ ಯಾವಾಗ ಬರ್ತೈತಿ?" ಎಂದು ಕೇಳಿದಳು.

ಜಗಳದ ದನಿಯಲ್ಲ, ಸರದಿಯಲ್ಲಿ ನಿಂತವರ ದನಿ. ನಾನು ನಕ್ಕು, ನಿಮ್ಮದು ಎರಡನೇ ಪಟ್ಟಿಯಲ್ಲಿದೆ ಅಜ್ಜಿ, ಆಮೇಲೆ ಓದುತ್ತೇವೆ ಎಂದೆ. ಎರಡನೇ ಪಟ್ಟಿಯೇ ಇರಲಿಲ್ಲ. ಆಕೆ ತಲೆಯಾಡಿಸಿದಳು. ಮಂಡಕ್ಕಿ ಹಂಚಿಕೆ ಮುಗಿಯಿತು, ಜನ ಎದ್ದರು, ನಾವು ಗಾಡಿ ಹತ್ತಿದೆವು. ತಿರುವಿನಲ್ಲಿ ಹಿಂದಿರುಗಿ ನೋಡಿದಾಗ ಆಕೆ ಅದೇ ಗೋಡೆಗೆ ಒರಗಿ ಇನ್ನೂ ಕೂತಿದ್ದಳು.

ಗುಂಡು ಮುನ್ನೂರ ಹತ್ತು ಹಳ್ಳಿಗಳಿಗೆ ಹೋಯಿತು. ನನಗೆ ಶಾಲು ಹೊದಿಸಿದರು. ಐದು ವರ್ಷದ ಮೇಲೆ ಆರೋಗ್ಯದ ಅಂಕಣದವರು, ನಲವತ್ತೊಂದು ಹಳ್ಳಿಗಳಲ್ಲಿ ಎಳೆ ಮಕ್ಕಳ ಕಾಲು ಬಾಗುತ್ತಿದೆ, ಯಾಕೋ ತಿಳಿಯುತ್ತಿಲ್ಲ ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಬೇರೆ ಯಾರೂ ಕೇಳುವ ಮೊದಲೇ ನನಗೆ ಬೆವರು ಬಂತು. ಒಬ್ಬಳೇ ಅವುಗಳಲ್ಲಿ ಒಂದು ಹಳ್ಳಿಗೆ ಹೋಗಿ ಯಾರದೋ ಅಡುಗೆಮನೆಯ ಹರವಿಯಲ್ಲಿ ಇಣುಕಿದೆ. ಒಳಗೆಲ್ಲ ಬೆಳ್ಳಗೆ ಸುಣ್ಣ ಸವರಿತ್ತು. ನೀರಲ್ಲಿ ಹುಳ ಆಗಬಾರದೆಂದು ವಾರಕ್ಕೊಮ್ಮೆ ಸವರುತ್ತೇವೆ, ನಮ್ಮ ಅಜ್ಜಿ ಕಾಲದಿಂದ ಹಾಗೇ ಎಂದು ಮನೆಯಾಕೆ ಹೇಳಿದಳು. ಗುಂಡಿನ ಸೂಕ್ಷ್ಮ ತೂತುಗಳನ್ನೆಲ್ಲ ಆ ಸುಣ್ಣ ಮುಚ್ಚಿಬಿಡುತ್ತಿತ್ತು. ಬಿಳೇಮರಡಿಯಲ್ಲಿ ಹರವಿಗೆ ಸುಣ್ಣ ಸವರುತ್ತಿದ್ದವರು ಸುಣ್ಣಗಾರರಷ್ಟೇ; ಅವರ ಒಂಬತ್ತು ಹರವಿಗಳು ಮೊದಲ ವರ್ಷವೇ ನನಗೆ ಹೇಳಲು ಬಂದದ್ದು ಇದನ್ನೇ.

ಇಷ್ಟಾದ ಮೇಲೂ ನಾನು ತಕ್ಷಣ ಬಾಯಿ ಬಿಡಲಿಲ್ಲ. ಹರವಿಗೆ ಸುಣ್ಣ ಸವರಬೇಡಿ ಎಂಬ ಸೂಚನೆಯೊಂದನ್ನು ಹಳ್ಳಿಗಳಿಗೆ ಕಳಿಸಿ, ಕಾರಣ ಬರೆಯದೆ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಎಂಟು ತಿಂಗಳು ಸುಮ್ಮನಿದ್ದೆ. ಕಾರಣವಿಲ್ಲದ ಸೂಚನೆಯನ್ನು ಯಾರು ಪಾಲಿಸುತ್ತಾರೆ? ನೀವು ಪಾಲಿಸುತ್ತೀರಾ? ನಿವೃತ್ತಿಗೆ ಒಂದೇ ವರ್ಷವಿತ್ತು. ಗೌರವವಾಗಿ ಮನೆಗೆ ಹೋಗಬೇಕು ಎನ್ನುವ ಆಸೆ ಇತ್ತು. ಆ ಆಸೆಗೆ ಎಷ್ಟು ಮಕ್ಕಳ ಕಾಲು ಬೆಲೆಯಾಯಿತೆಂದು ನಾನು ಎಣಿಸಿಲ್ಲ. ಜೀವನವಿಡೀ ಎಣಿಸಿದವಳು ಅದೊಂದನ್ನು ಎಣಿಸಲು ಹೆದರಿದ್ದೇನೆ.

ಕಾಗದ ಬರೆಯಲು ಕೂತದ್ದೂ ಅದೇ ಹೆದರಿಕೆಯಿಂದ. ಹೋದ ವಾರ ಇದರ ಅರ್ಧ ಬರೆದು ಮುಗಿಸಿದಾಗ ಮನಸ್ಸು ಹಗುರವಾಯಿತು, ಆ ಹಗುರವೇ ಅನುಮಾನ ಹುಟ್ಟಿಸಿತು. ಎಂದೋ ಸತ್ತವರ ಮುಂದೆ ತಪ್ಪೊಪ್ಪಿಕೊಳ್ಳುವುದು ಎಷ್ಟು ಸುಲಭ! ನೀವು ನನ್ನ ಮುಖ ನೋಡುವುದಿಲ್ಲ. ಪ್ರಶ್ನೆ ಕೇಳಿದವಳು ಎಂಟು ಕಿಲೋಮೀಟರ್ ದೂರದಲ್ಲಿ ಬದುಕಿದ್ದಾಳೆ, ನಾನು ಇನ್ನೂರು ವರ್ಷ ದೂರಕ್ಕೆ ಉತ್ತರ ಬರೆಯುತ್ತಿದ್ದೇನೆ. ಕಾಗದವನ್ನು ಅಲ್ಲೇ ಬಿಟ್ಟು ಬಿಳೇಮರಡಿಗೆ ಹೋದೆ.

ಹುಲಿಗೆವ್ವ ಬಾಗಿಲಲ್ಲೇ ಕೂತಿದ್ದಳು. ಪಕ್ಕದಲ್ಲಿ ಮೊಮ್ಮಗಳು ನೀಲಗಂಗಾ, ಐದು ವರ್ಷದ್ದು, ಕಟ್ಟೆಯೋದಿನ ಮರುವರ್ಷ ಹುಟ್ಟಿದ್ದು. ಮಗು ನನ್ನನ್ನು ನೋಡಿ ಎದ್ದು ಒಳಗೆ ಹೋಯಿತು. ಮೊಣಕಾಲುಗಳು ಒಂದಕ್ಕೊಂದು ತಾಗುತ್ತಿದ್ದವು. ನಮ್ಮ ಮಾತು ನಂಬಿ ಸಿಹಿಬಾವಿಯ ದಾರಿ ಬಿಟ್ಟವರು ಮತ್ತೆ ಅದನ್ನು ಹಿಡಿದಿರಲಿಲ್ಲ. ನಾನು ನಿಂತೇ ಎಲ್ಲವನ್ನೂ ಹೇಳಿದೆ: ಭಟ್ಟಿಯ ದಿನ ನೋಡಿ ಓದು ಇಟ್ಟದ್ದು, ಎರಡನೇ ಪಟ್ಟಿ ಇಲ್ಲದ್ದು, ಸುಣ್ಣ, ಎಂಟು ತಿಂಗಳು. ಅಜ್ಜಿ ಪೂರ್ತಿ ಕೇಳಿದಳು.

"ಪಟ್ಟಿ ಇಲ್ಲಂತ ನನಗ ಅವತ್ತೇ ಗೊತ್ತಿತ್ತವಾ," ಎಂದಳು. "ನಿನ್ನ ಕೈಯಾಗಿನ ಹಾಳಿ ಮುಗಿದಿದ್ವು, ನೋಡಿದ್ನಿ. ಆದ್ರ ಇಷ್ಟು ಓದಿದಾಕಿ, ಊರ ಮುಂದ ನಿಂತು ಸುಳ್ಳು ಹೇಳಾಕಿಲ್ಲ ಅಂತ ಅನ್ಕೊಂಡೆ. ತರ್ತಾಳ ಬಿಡು, ಗಾಡಿಯಾಗ ಇಟ್ಟಿರಬೇಕು ಅಂತ ಕುಂತೆ."

ಹೊಸ್ತಿಲ ಮೇಲೆ ಕೂತು ಅತ್ತೆ. ಅಳುವ ಹಕ್ಕೂ ನನಗಿಲ್ಲ ಎಂದು ಗೊತ್ತಿದ್ದೂ ಅತ್ತೆ. ಬರುವ ವಾರ ಮತ್ತೆ ಕಟ್ಟೆಯ ಮೇಲೆ ನಿಂತು ಒಂಬತ್ತು ಮನೆಯ ಹೆಸರನ್ನೂ ಓದುತ್ತೇನೆ, ಗುಂಡನ್ನು ಹಿಂದಕ್ಕೆ ತರಿಸುತ್ತೇನೆ, ಈ ಸಲ ಭಟ್ಟಿ ತಣ್ಣಗಿರುವ ದಿನ ಎಂದೆ. ಆಗ ಹೇಳಿದಳು:

"ಮನಿ ಹೆಸ್ರು ಓದಿದ್ರ ಸಾಲದು. ಬಿಟ್ಟಾಕಿ ಹೆಸ್ರೂ ಓದು."

ನಮ್ಮ ಪ್ರಬಂಧಗಳಲ್ಲಿ, ನಿಮ್ಮವುಗಳಲ್ಲೂ, ಬಿಟ್ಟವರ ಹೆಸರು ಎಲ್ಲೂ ಇರುವುದಿಲ್ಲ. 'ಒಂಬತ್ತು ಮನೆಗಳನ್ನು ಕೈಬಿಡಲಾಗಿದೆ' ಎಂದಿರುತ್ತದೆ, ಅವು ತಾವೇ ಎದ್ದು ಹೋದಂತೆ. ನನ್ನ ಕೋರಿಕೆ ಒಂದೇ. ನಿಮ್ಮ ಮೇಜಿನ ಮೇಲೆ ಈಗ ಒಂದು ಪಟ್ಟಿ ಇರಬಹುದು. ಅದರಲ್ಲಿ ಲೆಕ್ಕಕ್ಕೆ ಹೊಂದದ ಒಂದೆರಡು ಮನೆಗಳಿರಬಹುದು. ಅಳಿಸುವ ಮೊದಲು ಹೋಗಿ ಆ ಬಾಗಿಲು ತಟ್ಟಿ. ಹೋಗಲು ಆಗಲೇ ಇಲ್ಲವೆಂದರೆ, ಅಳಿಸಿದ ಜಾಗದಲ್ಲಿ ನಿಮ್ಮ ಹೆಸರನ್ನು ಬರೆಯಿರಿ. ಬರೆಯಲು ಕೈ ನಡುಗಿದರೆ ಅಳಿಸಬೇಡಿ.

ನಾಡಿದ್ದು ಬಿಳೇಮರಡಿಯಲ್ಲಿ ಓದಲಿರುವ ಹೆಸರನ್ನು ಇಲ್ಲೊಮ್ಮೆ ಬರೆದು ರೂಢಿ ಮಾಡಿಕೊಳ್ಳುತ್ತೇನೆ. ಹೋಗಿಬರುತ್ತೇನೆ.

ಒಂಬತ್ತು ಮನೆಗಳನ್ನು ಬಿಟ್ಟವಳು,
ಚಂಪಾವತಿ ಯಂಕಣ್ಣ ಗುಡದೂರ